ಕಾಡುಪ್ರಾಣಿ ಫೋಟೋಗೆ ಮಾರ್ಕ್ಸ್ ಕೊಡೋದು ಹೇಗೆ?

ಪೇಪರಿನಲ್ಲಿ ಹುಲಿ, ಆನೆ, ನವಿಲಿನ ಫೋಟೋ ಬಂದರೆ ನಾವೆಲ್ಲ "ಎಷ್ಟು ಚೆನ್ನಾಗಿದೆ!" ಅಂತೀವಿ. ಯಾಕೆ ಚೆನ್ನಾಗಿದೆ ಅಂತ ಕೇಳಿದರೆ ತಲೆ ಕೆರೆದುಕೊಳ್ಳುತ್ತೇವೆ. ಆದರೆ ಸ್ಪರ್ಧೆಯ ತೀರ್ಪುಗಾರರು ಕಾರಣ ಹೇಳಲೇಬೇಕು. ಅವರು ಏನೇನು ನೋಡುತ್ತಾರೆ ತಿಳಿಯೋಣ ಬನ್ನಿ.

ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಪ್ರತಿ ವರ್ಷ ವನ್ಯಜೀವಿ ಫೋಟೋಗಳ ದೊಡ್ಡ ಸ್ಪರ್ಧೆ ನಡೆಸುತ್ತದೆ. ಈ ಸ್ಪರ್ಧೆ ಶುರುವಾದದ್ದು 1965ರಲ್ಲಿ. ಫೋಟೋ ತೆಗೆದವರು ಯಾರು ಅಂತ ತೀರ್ಪುಗಾರರಿಗೆ ಹೇಳುವುದಿಲ್ಲ. ಫೋಟೋನೇ ಮಾತಾಡಬೇಕು.

1. ಕಣ್ಣು: ಪ್ರಾಣಿಯ ಮುಖ ಕಾಣುವ ಫೋಟೋದಲ್ಲಿ ನಮ್ಮ ನೋಟ ಮೊದಲು ಹೋಗುವುದು ಅದರ ಕಣ್ಣಿಗೆ. ಕಣ್ಣು ಸ್ಪಷ್ಟವಾಗಿದ್ದು ಅದರಲ್ಲಿ ಬೆಳಕಿನ ಒಂದು ಚುಕ್ಕೆ ಹೊಳೆದರೆ ಪ್ರಾಣಿಗೆ ಜೀವ ಬಂದ ಹಾಗೆ.

2. ಬೆಳಕು ಮತ್ತು ಹಿನ್ನೆಲೆ: ಬೆಳಗ್ಗೆ, ಸಂಜೆ ಬಿಸಿಲು ಓರೆಯಾಗಿ ಬೀಳುತ್ತದೆ. ಆಗ ಒಂದೊಂದು ಕೂದಲು, ಒಂದೊಂದು ಗರಿಯೂ ಎದ್ದು ಕಾಣುತ್ತದೆ. ನಡುಮಧ್ಯಾಹ್ನ ನೆತ್ತಿಯ ಮೇಲಿನ ಬಿಸಿಲಿಗೆ ಕಣ್ಣಿನ ಗುಳಿ ಕಪ್ಪಾಗುತ್ತದೆ. ಹಿನ್ನೆಲೆಯೂ ಮುಖ್ಯ. ಜಿಂಕೆಯ ತಲೆಯಿಂದಲೇ ಮರ ಹುಟ್ಟಿದ ಹಾಗೆ ಕಂಡರೆ ಫೋಟೋ ಕೆಟ್ಟಿತು. 2021ರಲ್ಲಿ ಕಿರಿಯರ ವಿಭಾಗದ ಮೊದಲ ಬಹುಮಾನ ಬಂದದ್ದು ನಮ್ಮ ಬೆಂಗಳೂರಿನ 10 ವರ್ಷದ ವಿದ್ಯುನ್ ಹೆಬ್ಬಾರ್‌ಗೆ. ಅವನು ತೆಗೆದದ್ದು ಹುಲಿಯನ್ನಲ್ಲ, ಗೋಡೆಯ ಸಂದಿನ ಜೇಡವನ್ನು! ಹಿಂದೆ ಹಾದುಹೋದ ಆಟೋರಿಕ್ಷಾದ ಬಣ್ಣವೇ ಬಲೆಗೆ ಹಿನ್ನೆಲೆ ಆಯಿತು.

3. ನಡವಳಿಕೆ: ಸುಮ್ಮನೆ ನಿಂತ ಪ್ರಾಣಿಗಿಂತ ತನ್ನ ಕೆಲಸದಲ್ಲಿ ತೊಡಗಿದ ಪ್ರಾಣಿ ನಮಗೆ ಹೆಚ್ಚು ಹೇಳುತ್ತದೆ. 2020ರಲ್ಲಿ ಗೆದ್ದ ಫೋಟೋದಲ್ಲಿ ರಷ್ಯಾದ ಹೆಣ್ಣು ಹುಲಿಯೊಂದು ಮರವನ್ನು ತಬ್ಬಿಕೊಂಡಿದೆ. ಅದು ಪ್ರೀತಿಗಲ್ಲ. ಮೈಯುಜ್ಜಿ ವಾಸನೆ ಬಿಟ್ಟು "ಇದು ನನ್ನ ಜಾಗ" ಅಂತ ಗುರುತು ಮಾಡೋದು. ತೆಗೆದವರು ಸೆರ್ಗೆಯ್ ಗೋರ್ಶ್‌ಕೋವ್. ಪ್ರಾಣಿ ಅಲ್ಲಾಡಿದರೆ ತಾನೇ ಕ್ಲಿಕ್ ಆಗುವ ಕ್ಯಾಮೆರಾ ಬಚ್ಚಿಟ್ಟು 11 ತಿಂಗಳಿಗೂ ಹೆಚ್ಚು ಕಾದರು.

4. ಸತ್ಯ: ಚಿತ್ರ ಬರೆಯುವವನು ಕಲ್ಪಿಸಬಹುದು. ಆದರೆ ಫೋಟೋ ಅಂದರೆ ಸಾಕ್ಷಿ. 2009ರಲ್ಲಿ ಬೇಲಿಯ ಗೇಟು ಹಾರುವ ತೋಳದ ಫೋಟೋ ಗೆದ್ದಿತ್ತು. ಕಾಡುತೋಳ ಸಂದಿಯಲ್ಲಿ ನುಸುಳದೆ ಹಾರೋದು ಯಾಕೆ ಅಂತ ಕೆಲವರು ಕೇಳಿದರು. ಅದು ಪಳಗಿಸಿದ ತೋಳ ಇರಬೇಕು ಅಂತ ತೀರ್ಪುಗಾರರು ನಿರ್ಧರಿಸಿ 2010ರಲ್ಲಿ ಬಹುಮಾನ ವಾಪಸ್ ಪಡೆದರು. 2018ರಲ್ಲಿ ಬ್ರೆಜಿಲ್‌ನ ಇರುವೆಭಕ್ಷಕದ ಫೋಟೋಗೂ ಹೀಗೇ ಆಯಿತು. ಅದು ಹುಲ್ಲು ತುಂಬಿದ ಸತ್ತ ಪ್ರಾಣಿ ಅಂತ ತಜ್ಞರು ಹೇಳಿದರು. ತೆಗೆದ ಇಬ್ಬರೂ ಆರೋಪ ಒಪ್ಪಲಿಲ್ಲ. ಕೊನೆಯ ಸುತ್ತಿನಲ್ಲಿ ಕ್ಯಾಮೆರಾದ ಮೂಲ ಫೈಲನ್ನೇ ಕೇಳುತ್ತಾರೆ. ಬೆಳಕು ಸ್ವಲ್ಪ ತಿದ್ದಬಹುದು. ಇಲ್ಲದ್ದನ್ನು ಸೇರಿಸೋ ಹಾಗಿಲ್ಲ, ಇದ್ದದ್ದನ್ನು ಅಳಿಸೋ ಹಾಗಿಲ್ಲ.

5. ಪ್ರಾಣಿಗೆ ತೊಂದರೆ ಆಯಿತೇ?: ಇದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಗೂಡು ಚೆನ್ನಾಗಿ ಕಾಣಲಿ ಅಂತ ಕೊಂಬೆ ಕಡಿದರೆ ಮರಿಗಳಿಗೆ ಬಿಸಿಲು ಬಡಿಯುತ್ತದೆ, ಕಾಗೆಗೂ ದಾರಿ ತೋರಿಸಿದ ಹಾಗಾಗುತ್ತದೆ. ತಾಯಿ ಹೆದರಿ ಗೂಡು ಬಿಟ್ಟರೆ ಮೊಟ್ಟೆ ತಣ್ಣಗಾಗಿ ಮರಿ ಹೊರಗೆ ಬರೋದೇ ಇಲ್ಲ. ಅಂಥ ಫೋಟೋ ಎಷ್ಟೇ ಅಂದವಾಗಿದ್ದರೂ ಸೊನ್ನೆ ಮಾರ್ಕ್ಸ್.

ಈಗ ಒಂದು ಪ್ರಶ್ನೆ. ಒಂದು ಫೋಟೋ ಬಹಳ ಸ್ಪಷ್ಟ, ಆದರೆ ಹಕ್ಕಿ ಸುಮ್ಮನೆ ಕೂತಿದೆ. ಇನ್ನೊಂದು ಸ್ವಲ್ಪ ಮಸುಕು, ಆದರೆ ತಾಯಿ ಹಕ್ಕಿ ಮರಿಯನ್ನು ಹಾವಿನಿಂದ ಕಾಪಾಡುತ್ತಿದೆ. ಯಾವುದು ಮೊದಲು? ಇದಕ್ಕೆ ಒಂದೇ ಸರಿ ಉತ್ತರ ಇಲ್ಲ. ಅದಕ್ಕೇ ಸ್ಪರ್ಧೆಯಲ್ಲಿ ಹಲವರು ಕೂತು ವಾದ ಮಾಡಿ ತೀರ್ಮಾನಿಸುತ್ತಾರೆ.

ನೀವೂ ಹಳೇ ಪೇಪರಿನಿಂದ ಮೂರು ಪ್ರಾಣಿಗಳ ಫೋಟೋ ಕತ್ತರಿಸಿ ತನ್ನಿ. ಈ ಐದು ಪ್ರಶ್ನೆ ಕೇಳಿ, ಒಂದೊಂದಕ್ಕೆ ಹತ್ತರಂತೆ ಮಾರ್ಕ್ಸ್ ಕೊಡಿ. ಯಾಕೆ ಅಂತ ಒಂದು ಸಾಲು ಬರೆಯೋದು ಮಾತ್ರ ಮರೆಯಬೇಡಿ. ಕಾರಣ ಇಲ್ಲದ ಮಾರ್ಕ್ಸನ್ನು ನಮ್ಮ ಮೇಷ್ಟ್ರೂ ಒಪ್ಪಲ್ಲ!