ಗಾರೆ ಗೊತ್ತಿದ್ದರೆ ಗೋಡೆ ಉಳಿದೀತು

ಕಗ್ಗದಾಸಪುರಕ್ಕೆ ಹಳೆಯ ಕಟ್ಟಡ ನೋಡಲೆಂದು ಯಾರೂ ಬರುವುದಿಲ್ಲ. ಒಂದು ಮಗ್ಗುಲಿಗೆ ಎಚ್‌ಎಎಲ್, ಇನ್ನೊಂದು ಮಗ್ಗುಲಿಗೆ ಡಿಆರ್‌ಡಿಒ ಪ್ರಯೋಗಾಲಯಗಳು, ನಡುವೆ ಇಕ್ಕಟ್ಟಿನ ರಸ್ತೆ, ಅಪಾರ್ಟ್‌ಮೆಂಟು, ಪಿ.ಜಿ.ಗಳ ಸಾಲು. ಊರಿನ ಹಳತನಕ್ಕೆ ಗುರುತಾಗಿ ಎದ್ದು ಕಾಣುವುದು ಕೆರೆಯೊಂದೇ. ಆದರೆ ಪಕ್ಕದ ವಿಭೂತಿಪುರದಲ್ಲಿ ಹೊಯ್ಸಳರ ಮುಮ್ಮಡಿ ಬಲ್ಲಾಳನ ಕಾಲದ, 1307ರ ತಮಿಳು ಶಾಸನವಿದೆ. ಕಾಡು ಕಡಿದು, ನೆಲ ಹದ ಮಾಡಿ, ಊರು ಕೆರೆಗಳನ್ನು ಕಟ್ಟಿದ ಸಂಗತಿಯನ್ನು ಅದು ಹೇಳುತ್ತದೆ. ಐ.ಟಿ. ಬಂದ ಮೇಲೆ ಹುಟ್ಟಿದ್ದೆಂದು ನಾವು ತಿಳಿದಿರುವ ಈ ಪೂರ್ವ ಬೆಂಗಳೂರಿಗೆ ಏಳು ಶತಮಾನಗಳ ಲಿಖಿತ ದಾಖಲೆ ಇದೆ ಎಂದಾಯಿತು. ಹೆರಿಟೇಜ್ ವಾಕ್‌ಗಳು ಮಾಡುವ ಮೊದಲ ಕೆಲಸ ಇದೇ: ಕಣ್ಣೆದುರೇ ಇದ್ದು ಕಾಣದೆ ಹೋದದ್ದನ್ನು ಕಾಣಿಸುವುದು. ಆದರೆ ಕಾಣಿಸುವುದರಿಂದಲೇ ಕಟ್ಟಡ ಉಳಿಯುವುದಿಲ್ಲ. ಅದನ್ನು ಹೇಗೆ ಕಟ್ಟಿದ್ದಾರೆ, ಹೇಗೆ ದುರಸ್ತಿ ಮಾಡಬೇಕು ಎಂಬುದನ್ನು ಕೈಗೆ ಕಲಿಸುವ ಕಾರ್ಯಾಗಾರವೂ ನಡಿಗೆಯ ಜೊತೆಗೇ ನಡೆಯಬೇಕು.

ಕಾಣಿಸುವುದರ ಬೆಲೆಯನ್ನು ನಾನು ಕಡಿಮೆ ಮಾಡುತ್ತಿಲ್ಲ. 1868ರಲ್ಲಿ ಮುಗಿದ ಅಠಾರ ಕಚೇರಿಯನ್ನು ಕೆಡವುವ ಪ್ರಸ್ತಾಪ 1982ರಲ್ಲಿ ಬಂದಾಗ ನಾಗರಿಕರು ನ್ಯಾಯಾಲಯದ ಮೆಟ್ಟಿಲೇರಿದರು. ಕಟ್ಟಡ ಉಳಿಯಿತು, ರಾಜ್ಯದ ಹೈಕೋರ್ಟ್ ಇಂದಿಗೂ ಅಲ್ಲೇ ಇದೆ. ಆ ಕೆಂಪು ಕಟ್ಟಡವನ್ನು ಊರಿಗೆ ಊರೇ ಬಲ್ಲದು, ಅದಕ್ಕೇ ದನಿ ಎದ್ದಿತು. ಲಾಲ್‌ಬಾಗ್‌ನ ಕೃಂಬಿಗಲ್ ಹಾಲ್‌ಗೆ ಆ ಭಾಗ್ಯ ಇರಲಿಲ್ಲ. ವರ್ಷಗಟ್ಟಲೆ ಶಿಥಿಲವಾಗಿ ನಿಂತಿದ್ದ ಅದನ್ನು 2017ರ ನವೆಂಬರಿನಲ್ಲಿ ಕೆಡವಿದರು. ಪ್ರತಿಭಟನೆಯ ಮಾತು ಕೇಳಿಬರುವಷ್ಟರಲ್ಲಿ ಗೋಡೆಗಳೇ ಇರಲಿಲ್ಲ. ಕಾನೂನು ಕಾಯುತ್ತದೆ ಎಂದು ಕೂರುವಂತಿಲ್ಲ. 1958ರ ಕೇಂದ್ರ ಕಾಯ್ದೆಯಾಗಲಿ 1961ರ ರಾಜ್ಯ ಕಾಯ್ದೆಯಾಗಲಿ ನೆರವಿಗೆ ಬರುವುದು ಸಂರಕ್ಷಿತವೆಂದು ಘೋಷಿಸಿದ ಸ್ಮಾರಕಗಳಿಗೆ. ಫ್ರೇಜರ್ ಟೌನಿನ ಮಂಕಿ ಟಾಪ್ ಬಂಗಲೆ, ಹಲಸೂರಿನ ಬಜಾರ್ ಬೀದಿಯ ಜಗಲಿಮನೆ ಇಂಥವನ್ನೆಲ್ಲ ಕಾಯುವುದು ಮಾಲೀಕರ ಮನಸ್ಸು ಮತ್ತು ನೆರೆಹೊರೆಯ ಕಾಳಜಿ. ಇಂಟ್ಯಾಕ್‌ನ ಬೆಂಗಳೂರು ಶಾಖೆ ‘ಪರಿಚಯ’ ಎಂಬ ಹೆಸರಿನಲ್ಲಿ ನಡೆಸುವ ನಡಿಗೆಗಳು ಈ ಕಾಳಜಿಯನ್ನು ಬೆಳೆಸಿವೆ.

ಇನ್ನರ್ಧ ಕೆಲಸ ಗೋಡೆಯ ಒಳಗಿದೆ. ದಂಡಿನ ಪ್ರದೇಶದ ಹಳೆಯ ಮನೆಗಳದ್ದು ಇಟ್ಟಿಗೆ ಮತ್ತು ಸುಣ್ಣದ ಗಾರೆ. ಸುಟ್ಟ ಸುಣ್ಣಕ್ಕೆ ನೀರು ಹಾಕಿ ಅರಳಿಸಿ, ಮರಳು ಬೆರೆಸಿ, ಗಾಣದಲ್ಲಿ ಅರೆದು, ಬೆಲ್ಲದ ನೀರನ್ನೋ ಅಳಲೆಕಾಯಿ ನೀರನ್ನೋ ಸೇರಿಸಿ ಹದ ಮಾಡುತ್ತಿದ್ದರು. ಈ ಗಾರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತಿಂಗಳುಗಟ್ಟಲೆ ನಿಧಾನಕ್ಕೆ ಗಟ್ಟಿಯಾಗುತ್ತದೆ. ಸಿಮೆಂಟಿನಷ್ಟು ಬಿಗಿಯಲ್ಲ, ಅದೇ ಅದರ ಗುಣ. ಗೋಡೆ ಮಳೆಗಾಲದಲ್ಲಿ ತೇವ ಕುಡಿದರೂ ಬಿಸಿಲಿಗೆ ಬಿಟ್ಟುಕೊಡುತ್ತದೆ. ಅಂಥ ಗೋಡೆ ಬಿರುಕು ಬಿಟ್ಟಾಗ ಕರೆಸಿದ ಮೇಸ್ತ್ರಿ ತನಗೆ ಗೊತ್ತಿರುವ ಸಿಮೆಂಟನ್ನೇ ಬಳಿಯುತ್ತಾನೆ. ತೇವ ಹೊರಬರಲು ದಾರಿ ಸಿಗದೆ ಒಳಗೇ ನಿಲ್ಲುತ್ತದೆ, ಉಪ್ಪು ಒಸರುತ್ತದೆ, ಇಟ್ಟಿಗೆ ಪುಡಿಯಾಗುತ್ತದೆ, ಕೆಲ ವರ್ಷಗಳಲ್ಲಿ ಪ್ಲಾಸ್ಟರು ಹಪ್ಪಳೆಯಾಗಿ ಉದುರುತ್ತದೆ. ಆಗ ಎಲ್ಲರೂ ಕಟ್ಟಡಕ್ಕೆ ವಯಸ್ಸಾಯಿತು ಎನ್ನುತ್ತಾರೆ. ಮದ್ರಾಸ್ ತಾರಸಿಯದ್ದೂ ಇದೇ ಕತೆ. ಮರದ ತೊಲೆ, ಅದರ ಮೇಲೆ ಜಂತಿ, ಜಂತಿಗಳ ಮೇಲೆ ಓರೆಯಾಗಿ ನಿಲ್ಲಿಸಿದ ತೆಳು ಇಟ್ಟಿಗೆ, ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣ ಹಾಕಿ ಬಡಿದು ಬಡಿದು ಗಟ್ಟಿ ಮಾಡಿದ ಪದರ. ಸಾಮಾನ್ಯವಾಗಿ ಮೊದಲು ಕೊಳೆಯುವುದು ಗೋಡೆಯೊಳಗೆ ಹುದುಗಿದ ತೊಲೆಯ ತುದಿ. ತುದಿಯನ್ನಷ್ಟೇ ಕತ್ತರಿಸಿ ಹೊಸ ಮರ ಕೂಡಿಸಬಹುದು. ಅದು ಗೊತ್ತಿಲ್ಲದವರು ಇಡೀ ತಾರಸಿಯನ್ನೇ ಇಳಿಸುತ್ತಾರೆ.

ಈ ತಿಳಿವಳಿಕೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮೈಸೂರಿನತ್ತ ನೋಡಬೇಕು. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವಗಳು ಹೋದವು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ದುರಸ್ತಿಯೋ ನೆಲಸಮವೋ ಎಂಬ ವಾದ ಹೈಕೋರ್ಟಿನವರೆಗೂ ಹೋಯಿತು. ಜನರ ಜೀವದ ಪ್ರಶ್ನೆ ಬಂದಾಗ ಕಟ್ಟಡದ ಮೇಲಿನ ಪ್ರೀತಿ ಹಿಂದೆ ಸರಿಯಲೇಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಬೀಳುವ ಹಂತಕ್ಕೆ ಬರುವ ಮೊದಲೇ ಸುಣ್ಣದ ಕೆಲಸ ಬಲ್ಲವರು ವರ್ಷವರ್ಷವೂ ನೋಡಿಕೊಂಡಿದ್ದರೆ ಆ ಪ್ರಶ್ನೆ ಇಷ್ಟು ಕ್ರೂರವಾಗಿ ಏಳುತ್ತಿರಲಿಲ್ಲ.

ಇದಕ್ಕೆ ಆಕ್ಷೇಪಗಳಿವೆ, ಹಗುರವಾದವಲ್ಲ. ಇವು ಬ್ರಿಟಿಷರ ಕುರುಹು, ನಮಗೇಕೆ ಎಂಬುದು ಒಂದು. ಅಠಾರ ಕಚೇರಿಯನ್ನು ಕಟ್ಟಿಸಿದ ಗುತ್ತಿಗೆದಾರ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್. 1873ರಲ್ಲಿ ಬಡಮಕ್ಕಳಿಗೆಂದು ಅವರು ತೆರೆದ ಶಾಲೆಯೇ ಹಲಸೂರು ಕೆರೆ ಬಳಿಯ ಆರ್‌ಬಿಎಎನ್‌ಎಂಎಸ್ ಸಂಸ್ಥೆಗಳ ಮೂಲ. ಶಿವಾಜಿನಗರದ ರಸೆಲ್ ಮಾರ್ಕೆಟ್‌ಗೆ ಇಂಗ್ಲಿಷ್ ಅಧಿಕಾರಿಯ ಹೆಸರಿದ್ದರೂ 2012ರ ಬೆಂಕಿಯಲ್ಲಿ ಬೆಂದದ್ದು ಈ ಊರಿನ ವ್ಯಾಪಾರಿಗಳ ಅಂಗಡಿ, ಮತ್ತೆ ಅದನ್ನು ಜೀವಂತ ಇಟ್ಟವರೂ ಅವರೇ. ನಡಿಗೆಗಳು ಇಂಗ್ಲಿಷ್ ಬಲ್ಲ, ಭಾನುವಾರ ಬಿಡುವಿರುವವರ ಹವ್ಯಾಸ ಎಂಬ ಮಾತಿನಲ್ಲಿ ಹೆಚ್ಚು ಸತ್ಯವಿದೆ. ಅದಕ್ಕೆ ಉತ್ತರ ನಡಿಗೆ ನಿಲ್ಲಿಸುವುದಲ್ಲ, ಕನ್ನಡ, ತಮಿಳು, ಉರ್ದುಗಳಲ್ಲಿ ನಡೆಸುವುದು. ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಸುಮಾರು ಕ್ರಿ.ಶ. 750ರದ್ದು, ಬೆಂಗಳೂರಿನ ಅತಿ ಹಳೆಯ ಕನ್ನಡ ಶಾಸನ. ಅದಕ್ಕೆ ಮಂಟಪ ಎದ್ದದ್ದು ಊರಿನವರು, ಆಸಕ್ತರು ಒಟ್ಟಾಗಿ ಕೈಹಾಕಿದ್ದರಿಂದ.

ಎಲ್ಲಕ್ಕಿಂತ ಗಟ್ಟಿ ಆಕ್ಷೇಪ ಮಾಲೀಕರದು. ಇಂದಿರಾನಗರದಲ್ಲೋ ಫ್ರೇಜರ್ ಟೌನಿನಲ್ಲೋ ನಿವೇಶನದ ಬೆಲೆ ಈ ಮಟ್ಟದಲ್ಲಿರುವಾಗ ಹಳೆಯ ಮನೆಯನ್ನು ನನ್ನ ಖರ್ಚಿನಲ್ಲಿ ಏಕೆ ಉಳಿಸಲಿ ಎಂದು ಅವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮುಂಬೈ 1995ರಲ್ಲೇ ಪಾರಂಪರಿಕ ಕಟ್ಟಡಗಳ ಪಟ್ಟಿ ಮಾಡಿ ನಿಯಮ ತಂದಿತು. ಕಟ್ಟಲು ಬಿಡದ ಜಾಗಕ್ಕೆ ಬದಲಾಗಿ ಬೇರೆಡೆ ಕಟ್ಟುವ ಹಕ್ಕು ಕೊಡುವಂಥ ಪರಿಹಾರ ಇಲ್ಲದೆ ಮಾಲೀಕರಿಗೆ ತ್ಯಾಗದ ಉಪದೇಶ ಹೇಳುವುದು ಅನ್ಯಾಯ. ಆದರೆ ಪರಿಹಾರ ಸಿಕ್ಕಿದರೂ ದುರಸ್ತಿಗೆ ಕೈ ಬೇಕಲ್ಲ. ಸುಣ್ಣದ ಕೆಲಸ ಬಲ್ಲವರು ಬೆರಳೆಣಿಕೆಯಷ್ಟಾದಾಗ ಕೂಲಿ ಏರುತ್ತದೆ, ದುರಸ್ತಿಯ ಖರ್ಚು ಹೊಸ ಕಟ್ಟಡದ ಖರ್ಚನ್ನು ಮುಟ್ಟುತ್ತದೆ. ಆದ್ದರಿಂದ ಕಾರ್ಯಾಗಾರ ಮೊದಲು ಬೇಕಾಗಿರುವುದು ಆರ್ಕಿಟೆಕ್ಚರ್ ವಿದ್ಯಾರ್ಥಿಗಳಿಗಲ್ಲ, ಕೆ.ಆರ್. ಪುರ, ಕಗ್ಗದಾಸಪುರದ ಬಾಡಿಗೆ ಕೋಣೆಗಳಲ್ಲಿದ್ದು ಅಪಾರ್ಟ್‌ಮೆಂಟು ಕಟ್ಟುತ್ತಿರುವ ಗಾರೆ ಕೆಲಸದವರಿಗೆ. ಕಲಿಯುವ ದಿನಗಳ ಕೂಲಿಯನ್ನೂ ಕೊಟ್ಟು ಕಲಿಸಬೇಕು. ಹಲಸೂರಿನ ಸೋಮೇಶ್ವರ ಗುಡಿಯಿಂದ ಹೊರಟು ದೊಮ್ಮಲೂರಿನ ಚೊಕ್ಕನಾಥ ದೇವಾಲಯ ಹಾದು ವಿಭೂತಿಪುರದ ಶಾಸನದವರೆಗೆ ಒಂದು ನಡಿಗೆ ಹಾಕಿದರೆ, ಪೂರ್ವ ಬೆಂಗಳೂರಿನ ಕಲ್ಲು, ಇಟ್ಟಿಗೆ, ಅಕ್ಷರ ಮೂರನ್ನೂ ಒಂದೇ ದಿನದಲ್ಲಿ ನೋಡಬಹುದು. ಅಂಥ ನಡಿಗೆಗೆ ಬಂದವರ ಪೈಕಿ ಹತ್ತು ಮಂದಿ ಮೇಸ್ತ್ರಿಗಳಿದ್ದರೆ, ದಾರಿಯ ಹಳೆಯ ಮನೆಯೊಂದರ ಮುಂದೆ ನಿಂತು ಅದರ ಬಿರುಕಿಗೆ ಕಾರಣ ಏನೆಂದು ಅವರೇ ಉಳಿದವರಿಗೆ ವಿವರಿಸಿಯಾರು.