ಮನೆ ನೋಡುವ ಮೊದಲು ಶಾಲೆ ನೋಡಿ

"ಭಾಭಿ, ಫ್ಲಾಟ್ ಸಿಕ್ಕಿತು. ಮೂರನೆಯ ಮಹಡಿ. ನೀರಿನ ತೊಂದರೆ ಇಲ್ಲವಂತೆ. ಶುಕ್ರವಾರ ಅಡ್ವಾನ್ಸ್ ಕೊಡುತ್ತಾರೆ."

ದಾವಣಗೆರೆಯಿಂದ ನನ್ನ ನಾದಿನಿಯ ಫೋನು. ಅವಳ ಗಂಡನಿಗೆ ಮಂಗಳೂರಿಗೆ ವರ್ಗವಾಗಿದೆ. ದೊಡ್ಡ ಮಗ ಏಳನೆಯ ತರಗತಿ, ಚಿಕ್ಕವಳು ಮೂರನೆಯ ತರಗತಿ. ಮನೆಯ ಬಾಡಿಗೆ, ಮಾರ್ಕೆಟ್ಟು, ಮಸೀದಿ ಎಷ್ಟು ದೂರ, ಎಲ್ಲವನ್ನೂ ವಿಚಾರಿಸಿದ್ದಾರೆ. "ಮಕ್ಕಳ ಶಾಲೆ?" ಎಂದು ಕೇಳಿದೆ. ಅವಳು ನಕ್ಕಳು. "ಅದಕ್ಕೇನು ಭಾಭಿ, ಮಂಗಳೂರಲ್ವಾ! ಯಾವ ಶಾಲೆಗೆ ಹಾಕಿದರೂ ಒಳ್ಳೆಯದೇ."

ಇದೇ ಮಾತನ್ನು 2012ರಲ್ಲಿ ನಾನೂ ಆಡಿದ್ದೆ. ರಾಣೆಬೆನ್ನೂರಿನಿಂದ ನಾವು ಘಟ್ಟ ಇಳಿದು ಬಂದ ವರ್ಷ ಅದು. ನಾನು ಮದ್ರಸಾದಲ್ಲಿ ಓದಿದವಳು, ಬಿ.ಎ. ಮುಗಿಸಿದವಳು, ಮಕ್ಕಳಿಗೆ ಪಾಠ ಹೇಳುವುದೇ ನನ್ನ ಕೆಲಸ. ಹಾಗಿದ್ದೂ ಸ್ವಂತ ಮಗಳಿಗೆ ಶಾಲೆ ಆರಿಸುವಾಗ ನಾನು ನೋಡಿದ್ದು ಕಟ್ಟಡವನ್ನು. ದೊಡ್ಡ ಗೇಟು, ಬಣ್ಣಬಣ್ಣದ ಗೋಡೆ, ಆಫೀಸಿನಲ್ಲಿ ಸಾಲಾಗಿ ಜೋಡಿಸಿಟ್ಟ ಟ್ರೋಫಿಗಳು. ನಮ್ಮೂರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಮೂರನೆಯ ತರಗತಿ ಮುಗಿಸಿದ್ದ ಹುಡುಗಿಯನ್ನು ಅಲ್ಲಿ ನಾಲ್ಕನೆಯ ತರಗತಿಗೆ, ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದೆವು. ಮನೆಗೂ ಶಾಲೆಗೂ ಹದಿನಾಲ್ಕು ಕಿಲೋಮೀಟರ್. ಬೆಳಿಗ್ಗೆ ಏಳು ಗಂಟೆಗೆ ವ್ಯಾನು.

ಮಗಳ ನೋಟ್‌ಬುಕ್ ನೋಡಿದರೆ ಕಣ್ಣು ತಂಪಾಗುತ್ತಿತ್ತು. ಮುತ್ತಿನಂಥ ಅಕ್ಷರ, ಪ್ರತಿ ಪುಟಕ್ಕೂ ಕೆಂಪು ಶಾಯಿಯ ಗುರುತು. ದಸರಾ ರಜೆಯಲ್ಲಿ ಒಂದು ದಿನ ಅವಳದೇ ಪುಸ್ತಕ ತೆಗೆದು, "ಈ ನಾಲ್ಕು ಸಾಲು ಓದಮ್ಮ" ಎಂದೆ. ಅವಳು ಓದಲಿಲ್ಲ. ತಲೆ ತಗ್ಗಿಸಿ ಕುಳಿತಳು. ಐದು ತಿಂಗಳಿಂದ ಬೋರ್ಡಿನ ಮೇಲಿದ್ದುದನ್ನು ಚಿತ್ರದಂತೆ ನೋಡಿ ಬರೆದುಕೊಂಡು ಬಂದಿದ್ದಳು. ಕನ್ನಡವನ್ನು ಸರಾಗವಾಗಿ ಓದುತ್ತಿದ್ದವಳು ಅದನ್ನೂ ತಡವರಿಸುತ್ತಿದ್ದಳು. ಟೀಚರ್ ಹತ್ತಿರ ಹೋದರೆ, "ನಿಮ್ಮ ಮಗಳು ತುಂಬಾ ಪಾಪ, ಗಲಾಟೆಯೇ ಮಾಡುವುದಿಲ್ಲ" ಎಂದು ಹೊಗಳಿದರು. ಒಂದು ಕೊಠಡಿಯಲ್ಲಿ 58 ಮಕ್ಕಳು. ಗಲಾಟೆ ಮಾಡದ ಮಗು ಯಾರ ಕಣ್ಣಿಗೂ ಬೀಳಲಿಲ್ಲ.

ಶಾಲೆಯನ್ನು ನಾನು ದೂರುವುದಿಲ್ಲ. ಕೇಳಬೇಕಾದ್ದನ್ನು ಕೇಳದೆ ಫೀಸು ಕಟ್ಟಿದವರು ನಾವು.

ಕರಾವಳಿಗೆ ವಿದ್ಯೆಯ ಹೆಸರು ಸುಮ್ಮನೆ ಬಂದದ್ದಲ್ಲ, ಅದನ್ನೂ ಹೇಳಬೇಕು. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದು ಶಾಲೆಗಳನ್ನು ತೆರೆದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಭಟ್ಕಳದ ಹಿರಿಯರು 1919ರಲ್ಲೇ ಅಂಜುಮನ್ ಹಾಮಿಯೇ ಮುಸ್ಲಿಮೀನ್ ಸಂಸ್ಥೆಯನ್ನು ಕಟ್ಟಿದರು. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಗಾವಲು ಬಂದ 2024ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ರಾಜ್ಯದಲ್ಲಿ ಇಳಿಯಿತು. ಆ ವರ್ಷವೂ ಉಡುಪಿ ಶೇ. 94ರೊಂದಿಗೆ ಮೊದಲ ಸ್ಥಾನದಲ್ಲಿತ್ತು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ದಕ್ಷಿಣ ಕನ್ನಡ ಶೇ. 91.12 ಪಡೆದು ಮೊದಲಾಯಿತು, ಉಡುಪಿ ಎರಡನೆಯದಾಯಿತು.

ಆದರೆ ಸಹೋದರಿಯರೇ, ಒಂದು ಲೆಕ್ಕ ಮಾಡಿ ನೋಡಿ. ರಾಜ್ಯಕ್ಕೇ ಮೊದಲು ಬಂದ ಜಿಲ್ಲೆಯಲ್ಲೂ ಆ ವರ್ಷದ ಮೊದಲ ಪರೀಕ್ಷೆಯಲ್ಲಿ ನೂರಕ್ಕೆ ಒಂಬತ್ತು ಮಕ್ಕಳು ಉತ್ತೀರ್ಣರಾಗಲಿಲ್ಲ. ಆ ಒಂಬತ್ತು ಮಕ್ಕಳು ಯಾವ ಶಾಲೆಯಲ್ಲಿ ಕುಳಿತಿದ್ದರು? ಯಾವ ತರಗತಿಯಿಂದ ಹಿಂದೆ ಬೀಳತೊಡಗಿದ್ದರು? ಜಿಲ್ಲೆಯ ಸ್ಥಾನ ಅದನ್ನು ಹೇಳುವುದಿಲ್ಲ. 2023ರಲ್ಲಿ ಚಿತ್ರದುರ್ಗ ಮೊದಲು ಬಂದಿತ್ತು ಎಂಬುದನ್ನು ಕರಾವಳಿಗೆ ಬರುವವರು ಯಾರೂ ನೆನೆಯುವುದಿಲ್ಲ. ನಿಮ್ಮ ಮಗು ಜಿಲ್ಲೆಯಲ್ಲಿ ಓದುವುದಿಲ್ಲ, ಒಂದು ಕೊಠಡಿಯಲ್ಲಿ ಓದುತ್ತದೆ. ನೀವು ನೋಡಬೇಕಾದದ್ದು ಆ ಕೊಠಡಿಯನ್ನು.

ಹೇಗೆ ನೋಡುವುದು?

ಮೊದಲು ನಿಮ್ಮ ಮಗುವನ್ನೇ ನೋಡಿ. ಊರು ಬಿಡುವ ಮುಂಚೆ ಎರಡನೆಯ ತರಗತಿಯ ಪುಸ್ತಕದಿಂದ ಒಂದು ಸಣ್ಣ ಕಥೆ ತೆಗೆದು ಓದಿಸಿ. ಪ್ರಥಮ್ ಸಂಸ್ಥೆ 2005ರಿಂದ ಹಳ್ಳಿ ಹಳ್ಳಿಗಳಲ್ಲಿ ನಡೆಸುತ್ತಿರುವ ಅಸರ್ ಸಮೀಕ್ಷೆಯ ಕ್ರಮವೂ ಇದೇ: ಅಕ್ಷರ, ಪದ, ನಾಲ್ಕು ಸಾಲು, ಕೊನೆಗೆ ಎರಡನೆಯ ತರಗತಿಯ ಮಟ್ಟದ ಕಥೆ. ಐದನೆಯ ತರಗತಿಯ ಮಗು ಅದನ್ನು ಓದದಿದ್ದರೆ ಬಯ್ಯಬೇಡಿ, ಗುರುತು ಮಾಡಿಕೊಳ್ಳಿ. ಹೊಸ ಶಾಲೆಯ ಮುಖ್ಯೋಪಾಧ್ಯಾಯರ ಮುಂದೆ ಕುಳಿತಾಗ ಅದನ್ನು ಮುಚ್ಚಿಡಬೇಡಿ. ನಮ್ಮಲ್ಲಿ ಹೆಚ್ಚಿನವರು ಅಲ್ಲೇ ತಪ್ಪುತ್ತೇವೆ. "ನಮ್ಮ ಮಗ ತುಂಬಾ ಚುರುಕು" ಎಂದು ಹೇಳಿ ಬರುತ್ತೇವೆ. ಬದಲಿಗೆ, "ಇವನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ, ನೀವು ಏನು ಮಾಡುತ್ತೀರಿ?" ಎಂದು ನೇರವಾಗಿ ಕೇಳಿ ನೋಡಿ. "ಟ್ಯೂಷನ್‌ಗೆ ಹಾಕಿ" ಎಂಬ ಉತ್ತರ ಬಂದರೆ ಆ ಶಾಲೆಯ ಬಗ್ಗೆ ನಿಮಗೆ ಅರ್ಧ ತಿಳಿದಂತೆ. "ಮೂರು ತಿಂಗಳು ಮಧ್ಯಾಹ್ನ ಅರ್ಧ ಗಂಟೆ ಬೇರೆಯಾಗಿ ಕೂರಿಸುತ್ತೇವೆ, ಇಂಥ ಟೀಚರ್ ನೋಡಿಕೊಳ್ಳುತ್ತಾರೆ" ಎಂದು ಹೆಸರು ಹೇಳಿ ಉತ್ತರಿಸುವ ಶಾಲೆಯ ಗೋಡೆಗೆ ಬಣ್ಣ ಇರದಿದ್ದರೂ ಚಿಂತೆಯಿಲ್ಲ.

ಇನ್ನು ಫ್ಲೆಕ್ಸ್‌ಗಳ ವಿಷಯ. ಫಲಿತಾಂಶ ಬಂದ ವಾರ ರಸ್ತೆಯುದ್ದಕ್ಕೂ ನಗುವ ಮಕ್ಕಳ ಮುಖಗಳು, "ಶೇ. 100 ಫಲಿತಾಂಶ". ಒಳ್ಳೆಯದೇ. ನೀವು ಎರಡೇ ಸಂಖ್ಯೆ ಕೇಳಿ. ಹೋದ ವರ್ಷ ಒಂಬತ್ತನೆಯ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು, ಈ ವರ್ಷ ಹತ್ತರಲ್ಲಿ ಎಷ್ಟು ಮಂದಿ ಪರೀಕ್ಷೆ ಬರೆದರು? ಮೊದಲನೆಯದು 60, ಎರಡನೆಯದು 48 ಆಗಿದ್ದರೆ ಆ ಹನ್ನೆರಡು ಮಕ್ಕಳು ಎಲ್ಲಿಗೆ ಹೋದರು ಎಂಬುದು ಕೇಳಲೇಬೇಕಾದ ಪ್ರಶ್ನೆ. ಊರು ಬಿಟ್ಟು ಹೋಗಿರಬಹುದು. "ಬೇರೆ ಕಡೆ ಸೇರಿಸಿಕೊಳ್ಳಿ" ಎಂದು ಹೆತ್ತವರನ್ನು ಕರೆದು ಹೇಳಿರಲೂಬಹುದು. ಶಿಕ್ಷಕಿಯಾಗಿ ಹೇಳುತ್ತೇನೆ, ಬುದ್ಧಿವಂತ ಮಗುವಿಗೆ ರ‍್ಯಾಂಕ್ ಬರಿಸುವುದು ಕಷ್ಟದ ಕೆಲಸವಲ್ಲ. ಮೂವತ್ತು ಅಂಕ ತೆಗೆಯುವ ಮಗುವನ್ನು ಅರವತ್ತಕ್ಕೆ ತರುವುದರಲ್ಲಿ ಶಾಲೆಯ ಶಕ್ತಿ ತಿಳಿಯುತ್ತದೆ.

ಶಿಕ್ಷಕರು ಎಷ್ಟು ವರ್ಷದಿಂದ ಇದ್ದಾರೆ ಎಂದು ಕೇಳಲು ಸಂಕೋಚ ಪಡಬೇಡಿ. ಸಣ್ಣ ಸಂಬಳ ಕೊಡುವ ಶಾಲೆಗಳಲ್ಲಿ ಜೂನ್‌ನಲ್ಲಿ ಬಂದ ಟೀಚರ್ ನವೆಂಬರ್‌ಗೆ ಇರುವುದಿಲ್ಲ. ಮಗುವಿನ ಹೆಸರು ಬಾಯಿಗೆ ಬರುವಷ್ಟರಲ್ಲಿ ಹೊಸಬರು. ಇನ್ನು ಮಕ್ಕಳ ಸಂಖ್ಯೆ. ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿ ಐದನೆಯ ತರಗತಿಯವರೆಗೆ 30 ಮಕ್ಕಳಿಗೆ ಒಬ್ಬ ಶಿಕ್ಷಕರು, ಆರರಿಂದ ಎಂಟರವರೆಗೆ 35 ಮಕ್ಕಳಿಗೆ ಒಬ್ಬರು ಇರಬೇಕು. ಪ್ರತಿ ಶಾಲೆಗೂ 11 ಅಂಕಿಗಳ ಯು-ಡೈಸ್ ಸಂಖ್ಯೆ ಇರುತ್ತದೆ. ಮನೆಯಲ್ಲಿ ಮೊಬೈಲ್ ಹಿಡಿಯುವ ಮಕ್ಕಳಿಗೆ ಹೇಳಿದರೆ, ಶಾಲೆಯಲ್ಲಿ ಎಷ್ಟು ಶಿಕ್ಷಕರು, ಎಷ್ಟು ಕೊಠಡಿ, ಹೆಣ್ಣುಮಕ್ಕಳಿಗೆ ಶೌಚಾಲಯ ಇದೆಯೇ ಎಂಬುದನ್ನೆಲ್ಲ ತೆಗೆದು ತೋರಿಸುತ್ತಾರೆ. ಬೋರ್ಡಿನ ಮೇಲೆ ಸಿಬಿಎಸ್‌ಇ ಎಂದು ಬರೆದಿದ್ದರೆ, ಮಾನ್ಯತೆ ಸಿಕ್ಕಿದೆಯೋ ಅಥವಾ "ಅರ್ಜಿ ಹಾಕಿದ್ದೇವೆ" ಎನ್ನುತ್ತಾರೋ ನೋಡಿಕೊಳ್ಳಿ. ಮಾನ್ಯತೆ ಪಡೆದ ಶಾಲೆಗಳ ಪಟ್ಟಿ ಆ ಮಂಡಳಿಯ ತಾಣದಲ್ಲೇ ಇದೆ.

ಘಟ್ಟದ ಮೇಲಿನಿಂದ ಬರುವ ಮನೆಗಳಿಗೆ ಇಲ್ಲಿ ಮೂರು ಸಂಗತಿ ಹೊಸದು.

ಒಂದು ಮಳೆ. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಬೀಳುವ ಮಳೆಯನ್ನು ದಾವಣಗೆರೆ, ಹಾವೇರಿಯವರು ಊಹಿಸಲಾರರು. ಜಿಲ್ಲಾಧಿಕಾರಿಗಳು ರಜೆ ಘೋಷಿಸುತ್ತಾರೆ. ಕೆಲವು ಸಲ ಒಂದು ತಾಲೂಕಿಗೆ ರಜೆ, ಪಕ್ಕದ್ದಕ್ಕೆ ಇಲ್ಲ. ಆ ರಜೆ ತುಂಬಿಸಲು ಶನಿವಾರ ಪೂರ್ತಿ ಶಾಲೆ. ನೀವು ದುಡಿಯುವ ತಾಯಿಯಾಗಿದ್ದರೆ, ಇಬ್ಬರು ಮಕ್ಕಳು ಎರಡು ತಾಲೂಕಿನ ಶಾಲೆಯಲ್ಲಿದ್ದರೆ, ಬೆಳಿಗ್ಗೆ ಏಳು ಗಂಟೆಗೆ ಮನೆ ಹೇಗಿರುತ್ತದೆ ಎಂದು ಯೋಚಿಸಿ. ಅಂಥ ಮಳೆಯಲ್ಲಿ ಹೆದ್ದಾರಿಯ ಮೇಲೆ ಹದಿನಾಲ್ಕು ಕಿಲೋಮೀಟರ್ ವ್ಯಾನು. ನಮ್ಮ ಹುಡುಗಿ ಒದ್ದೆ ಸಾಕ್ಸಿನಲ್ಲೇ ದಿನ ಕಳೆಯುತ್ತಿದ್ದಳು. ನಡೆದು ಹೋಗುವಷ್ಟು ಹತ್ತಿರದ ಸಾಧಾರಣ ಶಾಲೆಯನ್ನು ದೂರದ ಹೆಸರುವಾಸಿ ಶಾಲೆಗಿಂತ ಮೇಲೆಂದು ನಾನು ಈಗ ನಂಬುತ್ತೇನೆ, ಕನಿಷ್ಠ ಐದನೆಯ ತರಗತಿಯವರೆಗಾದರೂ.

ಇನ್ನೊಂದು ಮದ್ರಸಾ. ನಮ್ಮೂರಿನಲ್ಲಿ ಮಕ್ಕಳು ಸಂಜೆ ಅಸರ್ ನಂತರ ಮಕ್ತಬ್‌ಗೆ ಹೋಗುತ್ತಿದ್ದರು, ಪಾಠ ಉರ್ದುವಿನಲ್ಲಿ. ದಕ್ಷಿಣ ಕನ್ನಡದಲ್ಲಿ ಮದ್ರಸಾ ಹೆಚ್ಚಾಗಿ ಬೆಳಿಗ್ಗೆ, ಶಾಲೆಗೆ ಮುಂಚೆ. ಅನೇಕ ಕಡೆ ಕೇರಳದ ಸಮಸ್ತ ಮಂಡಳಿಯ ಪಠ್ಯ. ಉಸ್ತಾದರು ಬ್ಯಾರಿಯಲ್ಲೋ ಮಲಯಾಳಂನಲ್ಲೋ ವಿವರಿಸುತ್ತಾರೆ. ಏಳು ಗಂಟೆಗೆ ವ್ಯಾನು ಹತ್ತುವ ಮಗುವಿಗೆ ಮದ್ರಸಾ ಇಲ್ಲ ಎಂದೇ ಅರ್ಥ. ನಮ್ಮ ಮಗಳಿಗೆ ಒಂದು ವರ್ಷ ತಪ್ಪಿತು. ಆದ್ದರಿಂದ ಶಾಲೆಯ ಗಂಟೆ, ಮದ್ರಸಾದ ಗಂಟೆ, ವ್ಯಾನಿನ ಗಂಟೆ, ಮೂರನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡಿ. ಉರ್ದು ಮಕ್ಕಳನ್ನು ಗಮನಿಸುವ ಉಸ್ತಾದರು ಇದ್ದಾರೆಯೇ ಎಂದು ಮಸೀದಿಯ ಕಮಿಟಿಯವರನ್ನು ಮನೆಯವರಿಂದ ಕೇಳಿಸಿ.

ಮೂರನೆಯದು ಭಾಷೆ. ಇಲ್ಲಿ ಅಂಗಳದಲ್ಲಿ ತುಳು, ಬ್ಯಾರಿ, ಕೊಂಕಣಿ ಓಡಾಡುತ್ತವೆ. ಮಕ್ಕಳು ಅದನ್ನು ಆರು ತಿಂಗಳಲ್ಲಿ ಕಲಿತುಬಿಡುತ್ತಾರೆ, ಹೆದರಬೇಡಿ. ಕಷ್ಟವಾಗುವುದು ಪಾಠದ ಭಾಷೆ. ಉರ್ದು ಮಾಧ್ಯಮದಲ್ಲಿ ಓದುತ್ತಿರುವ ಮಗುವಿದ್ದರೆ ಉರ್ದು ಶಾಲೆ ಎಲ್ಲಿದೆ, ಅದು ಎಷ್ಟನೆಯ ತರಗತಿಯವರೆಗೆ ಇದೆ ಎಂದು ಮೊದಲೇ ತಿಳಿಯಿರಿ. ಎಲ್ಲ ಬಡಾವಣೆಯಲ್ಲೂ ಅದು ಸಿಗದು. ಗಲ್ಫ್‌ನಿಂದ ಮರಳುವ ಮನೆಗಳಲ್ಲಿ ಇದು ಇನ್ನೂ ದೊಡ್ಡ ಪ್ರಶ್ನೆ. ಅಲ್ಲಿ ಸಿಬಿಎಸ್‌ಇ ಓದಿದ ಹುಡುಗನಿಗೆ ಕನ್ನಡದ ಅಕ್ಷರವೇ ಗೊತ್ತಿರುವುದಿಲ್ಲ. ಇಲ್ಲಿ ಎಲ್ಲ ಮಂಡಳಿಯ ಶಾಲೆಗಳಲ್ಲೂ ಕನ್ನಡ ಕಲಿಸಬೇಕೆಂದು 2015ರ ಕಾಯ್ದೆ ಹೇಳುತ್ತದೆ. ಮರಳುವುದೆಂದು ನಿಶ್ಚಯವಾದರೆ ಮಗು ಎಂಟು, ಒಂಬತ್ತನೆಯ ತರಗತಿಗೆ ಏರುವ ಮುನ್ನವೇ ಬನ್ನಿ. ಹೊರಡುವ ವರ್ಷದ ಮೊದಲೇ ಮನೆಯಲ್ಲಿ ಅ ಆ ಇ ಈ ಶುರು ಮಾಡಿ. ಕನ್ನಡ ಬಲ್ಲ ತಾಯಿಗೆ ಇದು ದಿನಕ್ಕೆ ಇಪ್ಪತ್ತು ನಿಮಿಷದ ಕೆಲಸ.

ಹೆಣ್ಣುಮಕ್ಕಳನ್ನು ಹೈಸ್ಕೂಲಿಗೆ, ಪಿಯುಸಿಗೆ ಸೇರಿಸುವವರು ಸಮವಸ್ತ್ರದ ನಿಯಮವನ್ನು ಪ್ರವೇಶಕ್ಕೆ ಮೊದಲೇ ಕೇಳಿ, ಬರಹದಲ್ಲಿ ಓದಿ. ಉಡುಪಿಯಲ್ಲಿ ಆರಂಭವಾದ ಸ್ಕಾರ್ಫ್ ವಿವಾದ, 2022ರ ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು, ಎಲ್ಲವೂ ನಿಮಗೆ ನೆನಪಿದೆ. ವರ್ಷದ ನಡುವೆ ಗೇಟಿನ ಬಳಿ ನಿಂತು ಅಳುವ ಸ್ಥಿತಿ ಯಾವ ಹುಡುಗಿಗೂ ಬೇಡ. ಫೀಸು ಕಟ್ಟುವ ಮೊದಲಿನ ಹತ್ತು ನಿಮಿಷದ ಮಾತು ಅದನ್ನು ತಪ್ಪಿಸುತ್ತದೆ.

ಸರಕಾರಿ ಮತ್ತು ಅನುದಾನಿತ ಶಾಲೆಗಳನ್ನು ಪಟ್ಟಿಯಿಂದ ಮೊದಲೇ ಹೊಡೆದುಹಾಕಬೇಡಿ. ಎಲ್‌ಕೆಜಿಯಿಂದ ಪಿಯುಸಿವರೆಗಿನ ಕರ್ನಾಟಕ ಪಬ್ಲಿಕ್ ಶಾಲೆಗಳಿವೆ. ಆರನೆಯ ತರಗತಿಯಿಂದ ಇಂಗ್ಲಿಷ್ ಮಾಧ್ಯಮದ ಮೌಲಾನಾ ಆಝಾದ್ ಮಾದರಿ ಶಾಲೆಗಳಿವೆ, ಶುಲ್ಕವಿಲ್ಲ. ಎಂಟನೆಯ ತರಗತಿಯವರೆಗೆ ಸರಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗವಾಗುವ ಮಗುವಿಗೆ ಟಿ.ಸಿ. ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. ಅದು ಕಾನೂನಿನಲ್ಲೇ ಇದೆ.

ನನ್ನ ಮಗಳನ್ನು ಮರುವರ್ಷ ಮನೆಯ ಹತ್ತಿರದ ಒಂದು ಹಳೆಯ ಅನುದಾನಿತ ಶಾಲೆಗೆ ಸೇರಿಸಿದೆವು. ಹೆಂಚಿನ ಮಾಡು, ಮಳೆಗೆ ಸೋರುವ ಜಗಲಿ. ಮನೆಯವರಿಗೆ ಮನಸ್ಸಿರಲಿಲ್ಲ. "ಜನ ಏನೆಂದಾರು" ಎಂದರು. ಅಲ್ಲಿನ ಹಿರಿಯ ಟೀಚರ್ ಮೊದಲ ದಿನವೇ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿದರು. ಸಂಜೆ ನನ್ನನ್ನು ಕರೆದು, "ಎರಡನೆಯ ತರಗತಿಯಿಂದ ಹಿಡಿಯಬೇಕು, ನೀವು ಮನೆಯಲ್ಲಿ ಬಯ್ಯದೆ ಇದ್ದರೆ ಸಾಕು" ಎಂದರು. ಓದು ಎರಡು ವರ್ಷದಲ್ಲಿ ಸರಿಯಾಯಿತು, ಅಲ್‌ಹಮ್ದುಲಿಲ್ಲಾಹ್. ಗಣಿತ ಮಾತ್ರ ಪೂರ್ತಿ ಸರಿಯಾಗಲಿಲ್ಲ. ಆ ನಾಲ್ಕನೆಯ ತರಗತಿಯ ಭಾಗಾಕಾರ, ಭಿನ್ನರಾಶಿ ಹತ್ತನೆಯ ತರಗತಿಯವರೆಗೂ ಅವಳ ಬೆನ್ನು ಹತ್ತಿತ್ತು. ಪಿಯುಸಿಗೆ ವಿಜ್ಞಾನ ಬೇಡವೆಂದಳು. ಈಗ ಬಿ.ಎಡ್. ಓದುತ್ತಿದ್ದಾಳೆ, ಸಂತೋಷವಾಗಿದ್ದಾಳೆ. ಆದರೂ ಆ ಒಂದು ವರ್ಷವನ್ನು ನಾನು ಮರೆತಿಲ್ಲ.

ಇದನ್ನೆಲ್ಲ ನಾದಿನಿಗೆ ಫೋನಿನಲ್ಲಿ ಹೇಳಿದೆ. ಅವಳು ಸುಮ್ಮನಿದ್ದಳು. ಆಮೇಲೆ, "ಭಾಭಿ, ಇವರು ನನ್ನನ್ನು ಕೇಳಿ ಮನೆ ನೋಡಲಿಲ್ಲ, ನಾನು ಈಗ ಹೇಗೆ ಹೇಳಲಿ?" ಎಂದಳು. ನಮ್ಮ ಎಷ್ಟೋ ಮನೆಗಳ ಕಥೆ ಇದೇ. ಗಂಡಸರು ಬಾಡಿಗೆ ನೋಡಿ, ಆಫೀಸಿನ ದೂರ ನೋಡಿ ಮನೆ ಹಿಡಿಯುತ್ತಾರೆ. ಶಾಲೆ ಆ ಮನೆಗೆ ಹೊಂದಿಕೊಳ್ಳಬೇಕು. ಮಗುವಿನ ಪಕ್ಕ ಕುಳಿತು ಹೋಂವರ್ಕ್ ಮಾಡಿಸುವವಳು ತಾಯಿ, ನಿರ್ಧಾರದ ಹೊತ್ತಿಗೆ ಅವಳು ಅಡುಗೆಮನೆಯಲ್ಲಿರುತ್ತಾಳೆ. "ಅಡ್ವಾನ್ಸ್ ಒಂದು ವಾರ ತಡೆಯಲಿ ಎಂದು ಹೇಳು, ಕಾರಣ ಮಕ್ಕಳು ಎಂದು ಹೇಳು" ಎಂದೆ.

ಶುಕ್ರವಾರ ಅಡ್ವಾನ್ಸ್ ಹೋಗಲಿಲ್ಲ. ಶನಿವಾರ ರಾತ್ರಿಯ ಬಸ್ಸಿಗೆ ಇಬ್ಬರೂ ಹೊರಟರು. ಭಾನುವಾರ ನಮ್ಮಲ್ಲಿ ಉಳಿದು ಸೋಮವಾರ ಮೂರು ಶಾಲೆಗಳನ್ನು ನೋಡುವುದೆಂದು ಮಾತಾಗಿದೆ. ಮಗನ ಎರಡನೆಯ ತರಗತಿಯ ಹಳೆಯ ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡಿದ್ದೇನೆ ಎಂದು ಬಸ್ಸಿನಿಂದಲೇ ಫೋನು ಮಾಡಿದಳು.