ಜರಾಯುವಿನ ಪದರಗಳು

ಹೆರಿಗೆಯಾದೊಡನೆ ಎಲ್ಲರ ದೃಷ್ಟಿಯೂ ಶಿಶುವಿನತ್ತ ಹರಿಯುತ್ತದೆ. ಅದರ ಬೆನ್ನಿಗೇ ಹೊರಬರುವ ಮಾಸನ್ನು ಮಣ್ಣಿನಲ್ಲಿ ಹೂಳುವುದು ನಮ್ಮ ಹಳ್ಳಿಗಳ ವಾಡಿಕೆ. ಜರಾಯುವೆಂದು ಕರೆಯಲಾಗುವ ಈ ಅಂಗವು ಸುಮಾರು 500 ಗ್ರಾಂ ತೂಕದ, ಬಿಲ್ಲೆಯಾಕಾರದ ಮಾಂಸಪಿಂಡ. ಗರ್ಭಸ್ಥ ಶಿಶುವಿಗೆ ಶ್ವಾಸಕೋಶ, ಕರುಳು, ಮೂತ್ರಪಿಂಡಗಳಾಗಿ ದುಡಿದದ್ದು ಇದೇ. ತಾಯಿಯ ರಕ್ತವೂ ಶಿಶುವಿನ ರಕ್ತವೂ ಇಲ್ಲಿ ಒಂದರೊಡನೊಂದು ಬೆರೆಯದೆ, ಜೀವಕೋಶಗಳ ತೆರೆಯೊಂದರ ಎರಡು ಬದಿಗಳಲ್ಲಿ ಹರಿಯುತ್ತವೆ. ಗರ್ಭವು ಬೆಳೆದಂತೆ ಈ ತೆರೆಯೂ ಮಾರ್ಪಡುತ್ತದೆ.

ಫಲಿತ ಅಂಡವು ಆರೇಳು ದಿನಗಳಲ್ಲಿ ಗರ್ಭಕೋಶದ ಒಳಪೊರೆಗೆ ಅಂಟಿಕೊಳ್ಳುತ್ತದೆ. ಆಗ ಅದರ ಹೊರಸುತ್ತಿನ ಕೋಶಗಳು ಎರಡು ಪದರಗಳಾಗುತ್ತವೆ. ಒಳಗಿನದು ಸೈಟೋಟ್ರೋಫೋಬ್ಲಾಸ್ಟ್, ಇದರ ಕೋಶಗಳು ಬಿಡಿಬಿಡಿಯಾಗಿದ್ದು ವಿಭಜಿಸುತ್ತಲೇ ಇರುತ್ತವೆ. ಹೊರಗಿನದು ಸಿನ್ಸಿಷಿಯೋಟ್ರೋಫೋಬ್ಲಾಸ್ಟ್, ಇಲ್ಲಿ ಕೋಶಗಳ ನಡುವಣ ಗೋಡೆಗಳಳಿದು ಅಸಂಖ್ಯ ಕೋಶಕೇಂದ್ರಗಳು ಒಂದೇ ಹಾಸಿನಲ್ಲಿರುತ್ತವೆ. ಈ ಹಾಸು ತಾನಾಗಿ ವಿಭಜಿಸಲಾರದು. ಸಸಿಮಡಿಯಿಂದ ಗದ್ದೆಗೆ ಸಸಿಗಳು ಸಾಗುವಂತೆ ಒಳಪದರದ ಕೋಶಗಳು ಬಂದು ಕೂಡಿಕೊಂಡಾಗಲೇ ಅದು ಬೆಳೆಯುತ್ತದೆ.

ಎರಡನೆಯ ವಾರದ ಕೊನೆಗೆ ಈ ಪದರಗಳಿಂದ ಬೆರಳಿನಂತಹ ಅಂಕುರಗಳು ಹೊರಚಾಚುತ್ತವೆ. ಮೂರನೆಯ ವಾರದಲ್ಲಿ ಅವುಗಳ ತಿರುಳಿನಲ್ಲಿ ಸಂಯೋಜಕ ಅಂಗಾಂಶವೂ, ಬಳಿಕ ರಕ್ತನಾಳಗಳೂ ಮೂಡುತ್ತವೆ. ಹೀಗೆ ಎರಡು ರಕ್ತಗಳ ನಡುವೆ ನಾಲ್ಕು ಪದರಗಳಾಗುತ್ತವೆ: ಹೊರಹಾಸು, ಒಳಕೋಶಗಳ ಸಾಲು, ಸಂಯೋಜಕ ಅಂಗಾಂಶ, ಶಿಶುವಿನ ಲೋಮನಾಳದ ಗೋಡೆ.

ಒಳಪದರದ ಕೆಲವು ಕೋಶಗಳು ಅಂಕುರಗಳನ್ನು ಬಿಟ್ಟು ಗರ್ಭಕೋಶದ ಗೋಡೆಯನ್ನು ಹೊಕ್ಕು, ತಾಯಿಯ ಸುರುಳಿ ಧಮನಿಗಳನ್ನು ಅಗಲವಾದ ಕಾಲುವೆಗಳನ್ನಾಗಿ ಮಾರ್ಪಡಿಸುತ್ತವೆ. ಮೊದಲ ಹತ್ತು ಹನ್ನೆರಡು ವಾರಗಳ ಕಾಲ ಅವೇ ಧಮನಿಗಳ ಬಾಯಿಗೆ ಬಿರಡೆಯಂತೆ ನಿಂತು, ರಕ್ತವು ರಭಸದಿಂದ ನುಗ್ಗದಂತೆ ತಡೆಯುತ್ತವೆ. ಈ ಮಾರ್ಪಾಟು ಅಪೂರ್ಣವಾದರೆ ಮುಂದೆ ಶಿಶುವಿನ ಬೆಳವಣಿಗೆ ಕುಂಠಿತವಾಗಬಹುದು. ತಾಯಿಗೆ ರಕ್ತದೊತ್ತಡವೇರುವ ಪ್ರೀಎಕ್ಲಾಂಪ್ಸಿಯಾ ಎಂಬ ಅಪಾಯಕರ ವ್ಯಾಧಿ ತಲೆದೋರಬಹುದು.

ಗರ್ಭದ ಉತ್ತರಾರ್ಧದಲ್ಲಿ ತೆರೆ ತೆಳುವಾಗುತ್ತ ಬರುತ್ತದೆ. ಒಳಕೋಶಗಳ ಸಾಲು ಅಲ್ಲಲ್ಲಿ ಕಡಿದಂತೆ ಕಾಣುತ್ತದೆ. ಆ ಕೋಶಗಳು ಅಳಿದುಹೋಗುತ್ತವೆಂದು ಹಿಂದೆ ಭಾವಿಸಲಾಗಿತ್ತು. ವಾಸ್ತವದಲ್ಲಿ ಅವುಗಳ ಒಟ್ಟು ಸಂಖ್ಯೆ ಕುಗ್ಗುವುದಿಲ್ಲ. ಅಂಕುರಗಳ ಮೇಲ್ಮೈ ಅದಕ್ಕಿಂತ ವೇಗವಾಗಿ ಹಿಗ್ಗುವುದರಿಂದ ಅವು ವಿರಳವಾಗುತ್ತವೆ, ಅಷ್ಟೆ. ಲೋಮನಾಳಗಳು ಅಂಚಿಗೆ ಸರಿದು ಹೊರಹಾಸನ್ನೇ ಒತ್ತುತ್ತವೆ. ಎರಡನೆಯ ತಿಂಗಳಲ್ಲಿ 50 ಮೈಕ್ರಾನಿನಷ್ಟಿದ್ದ ಅಂತರವು ದಿನ ತುಂಬುವ ವೇಳೆಗೆ ಸುಮಾರು 5 ಮೈಕ್ರಾನಿಗೆ ಇಳಿಯುತ್ತದೆ. ಮೇಲ್ಮೈ ಹತ್ತು ಚದರ ಮೀಟರನ್ನು ಮೀರುತ್ತದೆ. ಬೆಳೆಯುವ ಶಿಶುವಿನ ಹೆಚ್ಚಿನ ಆಮ್ಲಜನಕದ ಬೇಡಿಕೆ ಪೂರೈಕೆಯಾಗುವುದು ಇದರಿಂದಲೇ. ತಾಯಿಯ ರೋಗನಿರೋಧಕ ಪ್ರತಿಕಾಯಗಳನ್ನಾದರೋ ಹೊರಹಾಸು ಆರಿಸಿ ಒಳಗೆ ಕಳುಹಿಸುತ್ತದೆ. ಅವುಗಳ ಬಹುಪಾಲು ಕೊನೆಯ ವಾರಗಳಲ್ಲಿ ಸಾಗುವುದರಿಂದ ಅಕಾಲದಲ್ಲಿ ಜನಿಸಿದ ಶಿಶುವಿಗೆ ಆ ರಕ್ಷಣೆ ಕಡಿಮೆ.

ತೆರೆ ದಪ್ಪವಾಗಿದ್ದಾಗ ಶಿಶು ಸುರಕ್ಷಿತವೆಂದು ಬಗೆಯುವುದೂ ತಪ್ಪು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದು 1961ರಲ್ಲಿ ಹಿಂತೆಗೆಯಲ್ಪಟ್ಟ ಥಾಲಿಡೊಮೈಡ್ ಎಂಬ ಔಷಧಿಯು ಸಹಸ್ರಾರು ಶಿಶುಗಳ ಕೈಕಾಲುಗಳನ್ನು ವಿಕಲಗೊಳಿಸಿತು. ಅದು ಹಾನಿ ಮಾಡಿದ್ದು ಗರ್ಭದ ಮೊದಲ ವಾರಗಳಲ್ಲಿಯೇ. ಮದ್ಯ, ಹೊಗೆಸೊಪ್ಪಿನ ವಿಷಗಳೂ ಈ ತೆರೆಯನ್ನು ದಾಟಬಲ್ಲವು.

ಜರಾಯು ಕೋಟೆಯಲ್ಲ, ಬಾಗಿಲು. ಅದರ ಕಾವಲಿನಲ್ಲಿ ತಾಯಿಗೂ, ಆಕೆಯ ಮನೆಯವರಿಗೂ ಪಾಲುಂಟು. ವೈದ್ಯರ ಸಲಹೆಯಿಲ್ಲದೆ ಗರ್ಭಿಣಿಯು ಯಾವ ಔಷಧಿಯನ್ನೂ ಸೇವಿಸಬಾರದೆಂಬ ಎಚ್ಚರಿಕೆಯ ಮರ್ಮವಿದು.